ಆಪಾ ಎಣಿಸುತ್ತಿದ್ದರು

ಆಪಾ ಎಣಿಸುತ್ತಿರುವಾಗ ಯಾರೂ ಮಾತಾಡುವ ಹಾಗಿರಲಿಲ್ಲ. ಕಡೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರದು ಮೋಟಾರ್ ರೀವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟಾರಿನ ಹಳೆಯ ತಾಮ್ರದ ತಂತಿಯನ್ನು ಬಿಚ್ಚಿ ಎಸೆದು, ಹೊಸ ತಂತಿಯನ್ನು ಸುತ್ತು ತಪ್ಪದಂತೆ ಸುತ್ತುವುದು ಅವರ ಕೆಲಸ. ಒಂದು ಸುತ್ತು ಆಚೀಚೆಯಾದರೂ ಅವರಿಗೆ ಊಟ ಸೇರುತ್ತಿರಲಿಲ್ಲ. ಎಣಿಕೆಯ ನಡುವೆ ಯಾರಾದರೂ ಬಾಗಿಲಲ್ಲಿ ಬಂದು ನಿಂತರೆ ತಂತಿ ಹಿಡಿದ ಕೈಯ ತೋರುಬೆರಳು ಮೇಲೇಳುತ್ತಿತ್ತು. ಹತ್ತೋ ಇಪ್ಪತ್ತೋ ಮುಂದಿನ ತುಂಬಿದ ಅಂಕಿ ಬರುವವರೆಗೂ ಆ ಬೆರಳು ಇಳಿಯುತ್ತಿರಲಿಲ್ಲ. ಸಾಮಾನ್ಯ ಗಿರಾಕಿ ಬಂದರೂ ಅಷ್ಟೆ, ಅಮಲ್ದಾರರು ಬಂದರೂ ಅಷ್ಟೆ. ಬೆರಳು ಇಳಿಸಿ, ಕನ್ನಡಕದ ಮೇಲಿಂದ ನೋಡಿ ಅವರು ಹೇಳುತ್ತಿದ್ದುದು ಎರಡೇ ಪದ: "ಈಗ ಹೇಳಿ."

ಆಪಾ ಎಂದರೆ ಅಕ್ಕ. ಅವರ ಮನೆಮಾತು ದಖನಿ. ಬೀದಿಯವರೆಲ್ಲ ಹಾಗೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಹೆಸರು ಬರೆದರೆ ಬೈಯುತ್ತಾರೆ, ಆದ್ದರಿಂದ ಇಲ್ಲೂ ಹಾಗೇ ಕರೆಯುತ್ತೇನೆ.

ಆ ಅಂಗಡಿಯ ಶಟರ್ ಎಳೆದು ಈಗ ಏಳು ವಾರ. ಕಣ್ಣು ಕೈಕೊಟ್ಟಿತೆಂದು ಆಪಾ ಕೆಲಸ ಬಿಟ್ಟು ತರೀಕೆರೆಯ ತಂಗಿಯ ಮನೆಗೆ ಹೋದರು. ಕೇಳಲೂ ಮಾತಾಡಲೂ ಬರುವ ತಮ್ಮ ರೇಡಿಯೊವನ್ನು ಜೊತೆಗೇ ಒಯ್ದರು, ಆದರೆ ಅದರಲ್ಲಿ ಒಂದು ಮಾತೂ ಆಡಲಿಲ್ಲ. ಒಂದೊಂದು ಭಾನುವಾರವೂ ನಾನು ನನ್ನ ರೇಡಿಯೊದಿಂದ ಅವರನ್ನು ಕರೆದೆ. ಆರು ಭಾನುವಾರ ಉತ್ತರವಿಲ್ಲ. ಏಳನೆಯದು ನಿನ್ನೆ. ನಿನ್ನೆಯದನ್ನು ಹೇಳಬೇಕೆಂದು ಬೆಳಗ್ಗೆಯಿಂದ ಕೈ ತುರಿಸುತ್ತಿದೆ, ಆದರೆ ಹಿಂದಿನದನ್ನು ಹೇಳದೆ ಹೇಳಿದರೆ ನಿಮಗೆ ಅದರ ರುಚಿ ಗೊತ್ತಾಗುವುದಿಲ್ಲ.

ನಾನು ಯಾರೆಂದು ಕಡೂರು, ತರೀಕೆರೆ, ಅಜ್ಜಂಪುರದ ಕಬಡ್ಡಿ ಪ್ರಿಯರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಇಪ್ಪತ್ತೆರಡು ವರ್ಷ ಕಬಡ್ಡಿ ಪಂದ್ಯಗಳಿಗೆ ವೀಕ್ಷಕ ವಿವರಣೆ ಕೊಟ್ಟವನು ನಾನು. ಅಜ್ಜಂಪುರದ ಮೈದಾನದಲ್ಲಿ ಮೈಕ್ ಹಿಡಿದರೆ ಕಾಂಪೌಂಡಿನಾಚೆ ನಿಂತವರಿಗೂ ಯಾರು ರೈಡಿಗೆ ಹೋದ, ಯಾರು ಅವನ ಹಿಮ್ಮಡಿ ಹಿಡಿದ ಎಂಬುದು ಕಣ್ಣಿಗೆ ಕಟ್ಟುತ್ತಿತ್ತು. ಆಟಗಾರರಿಗಿಂತ ನನಗೇ ಹೆಚ್ಚು ಹಾರ ಬಿದ್ದ ದಿನಗಳಿವೆ. ಜಂಬ ಅಂದುಕೊಂಡರೆ ಅಂದುಕೊಳ್ಳಿ.

ಆಮೇಲೆ ಕೊರಳಲ್ಲಿ ಥೈರಾಯ್ಡಿನ ಗಂಟು ಕಾಣಿಸಿತು. ಆಪರೇಷನ್ ಆಯಿತು, ಗಂಟು ಹೋಯಿತು. ಜೊತೆಗೆ ಎಡಗಡೆಯ ಧ್ವನಿತಂತು ಅಲ್ಲಾಡುವುದನ್ನು ನಿಲ್ಲಿಸಿತು. ಹೀಗೂ ಆಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು, ಅವರ ತಪ್ಪೇನಿಲ್ಲ. ಉಳಿದದ್ದು ಗಾಳಿ ಬೆರೆತ ಪಿಸುಮಾತು. ಫೋನ್ ಮಾಡಿದರೆ ಆ ಕಡೆಯವರು "ಹಲೋ, ಹಲೋ, ಯಾರ್ರೀ ಅದು, ಮಾತಾಡ್ರೀ" ಎಂದು ಕೂಗಿ ಕಟ್ ಮಾಡುತ್ತಿದ್ದರು. ಒಂದು ದಿನ ಬಸ್ಸಿನಲ್ಲಿ "ಬೀರೂರು ಇಳಿಯೋರಿದೀವಿ" ಎಂದು ಮೂರು ಸಲ ಹೇಳಿದೆ. ಯಾರಿಗೂ ಕೇಳಲಿಲ್ಲ. ಬಸ್ಸು ಹೋಗಿಯೇಬಿಟ್ಟಿತು. ಮೂರು ತಾಲ್ಲೂಕಿಗೆ ಕೇಳಿಸುತ್ತಿದ್ದವನ ಮಾತು ಮೂರು ಸೀಟು ದಾಟಲಿಲ್ಲವಲ್ಲ ಎಂದು ಮನೆಗೆ ಬಂದು ಅತ್ತುಬಿಟ್ಟೆ. ಅಲ್ಲಿಂದಾಚೆಗೆ ಟೀ ಅಂಗಡಿಗೂ ಹೋಗುವುದನ್ನು ಬಿಟ್ಟೆ.

ಆ ದಿನಗಳಲ್ಲೇ ಪಂಚನಹಳ್ಳಿಯ ನನ್ನ ಭಾವಮೈದ ಸುಟ್ಟ ಮೋಟಾರೊಂದನ್ನು ಬೈಕಿಗೆ ಕಟ್ಟಿಕೊಂಡು ಬಂದ. ಇಬ್ಬರೂ ಆಪಾ ಅಂಗಡಿಗೆ ಹೋದೆವು. ಬೆರಳು ಮೇಲೆದ್ದಿತು. ಅವರು ಎಂಬತ್ತು ಮುಟ್ಟುವವರೆಗೂ ನಿಂತೆವು. "ಈಗ ಹೇಳಿ" ಎಂದಾಗ ಭಾವಮೈದ ಹೊರಗೆ ಯಾರೊಡನೆಯೋ ಮಾತಿಗೆ ನಿಂತಿದ್ದ, ನಾನೇ ಬಾಯಿ ತೆರೆಯಬೇಕಾಯಿತು. ನನ್ನ ಪಿಸುಮಾತು ಕೇಳಿದವರೆಲ್ಲ "ಸ್ವಲ್ಪ ಜೋರಾಗಿ ಹೇಳಿ" ಅನ್ನುವುದು ವಾಡಿಕೆ. ಆಪಾ ಹಾಗನ್ನಲಿಲ್ಲ. ಎದ್ದುಹೋಗಿ ಫ್ಯಾನ್ ಆರಿಸಿದರು, ಪಕ್ಕದಲ್ಲಿ ಗುಯ್‌ಗುಡುತ್ತಿದ್ದ ಮೋಟಾರನ್ನು ನಿಲ್ಲಿಸಿದರು, ಬಂದು ಕೂತು ಮತ್ತೆ ಹೇಳಿದರು, "ಈಗ ಹೇಳಿ." ಆ ಒಂದು ಕೆಲಸಕ್ಕೇ ನಾನು ಅವರ ಶಿಷ್ಯನಾಗಿಬಿಟ್ಟೆ ಅನ್ನಬೇಕು.

ಕಥೆಯೆಲ್ಲ ಕೇಳಿಸಿಕೊಂಡ ಮೇಲೆ ಅವರು ಅಯ್ಯೋ ಪಾಪ ಅನ್ನಲಿಲ್ಲ. "ಧ್ವನಿ ಎಲ್ ಹೋಗೈತ್ರೀ? ಐತಲ್ಲ. ದೂಡೋ ಶಕ್ತಿ ಇಲ್ಲ ಅಷ್ಟೆ. ದೂಡೋದು ಮೆಷಿನ್ ಕೆಲ್ಸ ಕಣ್ರೀ. ಬನ್ನಿ ಒಳಕ್ಕೆ" ಎಂದರು.

ಒಳಗೆ ಅವರ ಇನ್ನೊಂದು ಸಂಸಾರವಿತ್ತು. ಆಪಾ ಪರೀಕ್ಷೆ ಕಟ್ಟಿ ಲೈಸೆನ್ಸ್ ಪಡೆದ ಹ್ಯಾಮ್ ರೇಡಿಯೊ ಹವ್ಯಾಸಿ ಎಂಬುದು ಕಡೂರಿನಲ್ಲಿ ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ. ಮೇಜಿನ ಮೇಲೆ ಅವರೇ ಕೈಯಾರೆ ಜೋಡಿಸಿದ ಪುಟ್ಟ ರೇಡಿಯೊ. ಹಿತ್ತಿಲಿನ ಎರಡು ತೆಂಗಿನಮರಗಳ ನಡುವೆ, ಸುಟ್ಟ ಮೋಟಾರುಗಳಿಂದ ಬಿಚ್ಚಿದ ತಂತಿಯದೇ ಏರಿಯಲ್. ಕೈಗಳೆರಡೂ ಸದಾ ತಂತಿಯಲ್ಲೇ ಇರುತ್ತಿದ್ದುದರಿಂದ ಹೊಲಿಗೆ ಮೆಷಿನ್ನಿನ ಹಳೆಯ ಪೆಡಲ್ಲನ್ನು ಪ್ರಸಾರದ ಸ್ವಿಚ್ ಮಾಡಿಕೊಂಡಿದ್ದರು. ಪೆಡಲ್ ಒತ್ತಿದರೆ ಅವರ ಮಾತು ಹೊರಗೆ ಹೋಗುತ್ತಿತ್ತು, ಬಿಟ್ಟರೆ ಬೇರೆಯವರ ಮಾತು ಒಳಗೆ ಬರುತ್ತಿತ್ತು.

ಏರಿಯಲ್ಲಿನ ತಂತಿ ಕಳಚಿ, ಅದರ ಜಾಗಕ್ಕೆ ಕಾರಿನ ಇಂಡಿಕೇಟರಿನ ಬಲ್ಬೊಂದನ್ನು ಸಿಕ್ಕಿಸಿ, ಪೆಡಲ್ ಒತ್ತಿ ಆಪಾ ಮೈಕಿಗೆ "ಕಡೂರು" ಎಂದರು. ಬಲ್ಬು ಭಗ್ ಎಂದು ಹತ್ತಿ ಆರಿತು. ಸುಮ್ಮನಾದರು, ಬಲ್ಬು ಕಪ್ಪಗೆ ಕೂತಿತು. ಮಾತಾಡಿದಷ್ಟೇ ಬೆಳಕು! ಮಾತು ಕಣ್ಣಿಗೆ ಕಾಣುವುದನ್ನು ನಾನು ಮೊದಲ ಸಲ ನೋಡಿದೆ.

"ಊರಿನ ದೊಡ್ಡ ರೇಡಿಯೊ ಸ್ಟೇಷನ್ನು ಸುಮ್ನಿದ್ರೂ ಶಕ್ತಿ ಸುರೀತಾನೇ ಇರ್ತದೆ, ಖಾಲಿ ಬಸ್ಸು ಓಡಿಸ್ದಂಗೆ. ನಮ್ದು ಸಿಂಗಲ್ ಸೈಡ್‌ಬ್ಯಾಂಡು. ಜನ ಬಂದ್ರೆ ಮಾತ್ರ ಬಸ್ಸು" ಎಂದು ಆಪಾ ವಿವರಿಸಿದರು. "ಇನ್ನೊಂದು, ರೇಡಿಯೊಗೆ ಹತ್ತಿದ ಮಾತಿಗೆ ಎರಡು ಮಗ್ಗುಲು. ಎರಡ್ರಲ್ಲೂ ಅದೇ ಮಾತು. ಒಂದು ಮಗ್ಗುಲು ಕಳ್ಸಿದ್ರೆ ಸಾಕು, ಇನ್ನೊಂದನ್ನ ಇಲ್ಲೇ ಕತ್ತರಿಸ್ತೀವಿ."

"ನಾನ್ ಮಾತಾಡ್ಲಾ?" ಎಂದೆ.

ಮಾತಾಡಿದೆ. ಬಲ್ಬಿನೊಳಗಿನ ತಂತಿ ಬೀಡಿಯ ತುದಿಯಷ್ಟು ಕೆಂಪಾಯಿತು, ಅಷ್ಟೆ. ರೋಷ ಬಂತು. ಎದೆ ತುಂಬ ಗಾಳಿ ಎಳೆದುಕೊಂಡು ಹಳೆಯ ಶೈಲಿಯಲ್ಲಿ ಕೂಗಲು ಹೋದೆ. ಮೊದಲ ಅಕ್ಷರಕ್ಕೆ ಬಲ್ಬು ಒಮ್ಮೆ ಮಿಂಚಿತು, ಆಮೇಲೆ ಬರೀ ಕೆಮ್ಮು.

ಆಪಾ ನೀರು ಕೊಟ್ಟರು. "ಕೂಗ್‌ಬಾರ್ದು. ಈ ರೇಡಿಯೊಗೊಂದು ತಾರಸಿ ಐತೆ, ಅದಕ್ಕಿಂತ ಮೇಲೆ ಹೋದ್ರೆ ಮಾತು ಹರಿದೋಗ್ತದೆ. ಎಲ್ರ ಮಾತಲ್ಲೂ ಒಂದೋ ಎರಡೋ ಅಕ್ಷರ ತಾರಸಿ ಮುಟ್ತವೆ, ಮಿಕ್ಕಿದ್ದೆಲ್ಲ ನೆಲದ್ ಮೇಲೇ ಓಡಾಡ್ತವೆ. ಹತ್ತು ವ್ಯಾಟು ಇದ್ರೂ ಒಂದೋ ಎರಡೋ ಕೆಲ್ಸ ಮಾಡ್ತದೆ." ಅವರು ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಯಾವುದೋ ಶಾಲೆಯ ಗ್ರೂಪ್ ಫೋಟೊ ಇತ್ತು, ಎರಡು ಜಡೆಯ ಹುಡುಗಿಯರ ಸಾಲಿನಲ್ಲಿ ಅವರೂ ಇದ್ದರು. "ಫೋಟೊದವ್ನು ಏನ್ ಮಾಡ್ದ? ಉದ್ದ ಇರೋರ್ನ ನೆಲದ್ ಮೇಲೆ ಕೂರ್ಸಿದ, ಗಿಡ್ಡ ಇರೋರ್ನ ಬೆಂಚ್ ಹತ್ತಿಸ್ದ. ಆಗ ಕ್ಯಾಮರಾ ಹತ್ರ ತರ್ಬೋದು, ಎಲ್ರ ಮುಖಾನೂ ದೊಡ್ದಾಗ್ ಕಾಣ್ತದೆ. ಕಂಪ್ರೆಷನ್ ಅಂದ್ರೆ ಇದೇ. ನಿಮ್ ಮಾತಿಗೆ ಒಂದು ಮಾಡ್ಕೊಡ್ತೀನಿ."

ಮೂರು ವಾರ ಹಿಡಿಯಿತು. ಮೊದಲ ಸಲ ಮೈಕಿನಿಂದ ಬಂದ ಧ್ವನಿಯ ತಲೆಗಳನ್ನೇ, ಅಂದರೆ ತಾರಸಿ ಮುಟ್ಟುವ ತುದಿಗಳನ್ನೇ, ನೇರವಾಗಿ ಸವರಿ ಮಿಕ್ಕಿದ್ದನ್ನು ಮೇಲೆತ್ತಿದರು. ಬಲ್ಬೇನೋ ಚೆನ್ನಾಗಿ ಉರಿಯಿತು, ಆದರೆ ಇನ್ನೊಂದು ರೇಡಿಯೊದಲ್ಲಿ ಕೇಳಿದರೆ ತಗಡಿನ ಡಬ್ಬಿಯೊಳಗೆ ಕೂತ ಕಪ್ಪೆಯ ಹಾಗಿತ್ತು. ನನಗೆ ನಗು, ಆಪಾಗೆ ಕೆಂಡದಂಥ ಕೋಪ. ಎರಡು ದಿನ ಸೋಲ್ಡರಿಂಗ್ ಕಡ್ಡಿ ಮುಟ್ಟಲಿಲ್ಲ. ಮೂರನೆಯ ದಿನ ಯಗಟಿಯ ಕಡೆಯ ಗಿರಾಕಿಯೊಬ್ಬ ರಾಗಿ ಚೀಲ ತಂದುಕೊಟ್ಟಿದ್ದ. ಆಪಾ ರಾಗಿ ಜರಡಿ ಹಿಡಿಯುತ್ತ ಕೂತಿದ್ದವರು ತಟ್ಟನೆ ಎದ್ದರು.

"ಲೇ, ತಪ್ಪು ಜಾಗದಲ್ಲಿ ಕತ್ತರಿಸಿದೀನಿ ಕಣ್ರೀ!" ಸಿಟ್ಟು, ಸಂತೋಷ ಎರಡರಲ್ಲೂ ಅವರ ಬಾಯಿಗೆ 'ಲೇ' ಬರುತ್ತಿತ್ತು, ಬೆನ್ನಿಗೇ ಮರ್ಯಾದೆಯೂ ಬರುತ್ತಿತ್ತು. "ಕತ್ತರಿಸಿದ್ರೆ ಕಸ ಉದುರೋದೇ. ಧ್ವನಿಯಲ್ಲೇ ಕತ್ತರಿಸಿದ್ರೆ ಕಸಾನೂ ರಾಗಿ ಗಾತ್ರದ್ದೇ ಬತ್ತದೆ, ಜರಡಿ ಏನ್ ಮಾಡ್ತದೆ? ಧ್ವನೀನ ಮೊದ್ಲು ರೇಡಿಯೊ ಅಲೆ ಮಾಡ್ಬೇಕು, ಆಮೇಲೆ ತಲೆ ಸವರ್ಬೇಕು. ಅಲ್ಲಿ ಉದುರೋ ಕಸ ಕಲ್ಲಿನಷ್ಟು ದಪ್ಪ. ಹಿಂದೇನೇ ಒಂದು ಜರಡಿ ಇಟ್ರೆ ಮುಗೀತು!"

ಹಾಗೇ ಮಾಡಿದರು. ಒಂದು ಫಿಲ್ಟರು, ಅದರಾಚೆ ತಲೆ ಸವರುವ ಎರಡು ಡಯೋಡು, ಅದರಾಚೆ ಇನ್ನೊಂದು ಫಿಲ್ಟರು. ನಾನು ಪಿಸುಗುಟ್ಟಿದೆ. ಬಲ್ಬು ಉರಿಯಿತು! ಮಿಂಚಿ ಆರಲಿಲ್ಲ, ಪದದಿಂದ ಪದಕ್ಕೆ ಉರಿಯುತ್ತಲೇ ಹೋಯಿತು. ಇನ್ನೊಂದು ರೇಡಿಯೊದಲ್ಲಿ ಕೇಳಿದರೆ ನನ್ನದೇ ಧ್ವನಿ. ಸ್ವಲ್ಪ ಮೂಗಿನಲ್ಲಿ ಮಾತಾಡಿದಂತಿತ್ತು, ಆದರೆ ಮನುಷ್ಯನ ಧ್ವನಿ. ನಾನು ಆ ಪುಟ್ಟ ಬಲ್ಬಿನ ಮುಂದೆ ಒಂದು ಇಡೀ ರೈಡಿನ ವಿವರಣೆ ಕೊಟ್ಟುಬಿಟ್ಟೆ. ಆಪಾ ಸೆರಗಿನಿಂದ ಮೂಗು ಒರೆಸಿಕೊಂಡು, "ಸೋಲ್ಡರ್ ಹೊಗೆ" ಎಂದರು.

ಲೈಸೆನ್ಸಿಲ್ಲದೆ ಗಾಳಿಗೆ ಮಾತು ಬಿಡುವ ಹಾಗಿಲ್ಲ ಎಂಬ ವಿಷಯದಲ್ಲಿ ಅವರು ಕಟ್ಟುನಿಟ್ಟು. ಐವತ್ತು ದಾಟಿದ ನನ್ನನ್ನು ಪರೀಕ್ಷೆಗೆ ಕೂರಿಸಿದರು. ಒಂದು ಸುರುಳಿ ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವಿನಲ್ಲಿ ಪ್ರಶ್ನೆ ಕೇಳುವರು. ಉತ್ತರಕ್ಕೆ ತಡವರಿಸಿದರೆ ಮುಂದಿನ ಸುರುಳಿ ಶುರು, ನಾನು ನೂರು ಸುತ್ತು ಕಾಯಬೇಕು. ಅಂತೂ ಪಾಸಾದೆ. ರೇಡಿಯೊದಲ್ಲಿ ಹೆಸರಿನ ಬದಲು ಹೇಳುವ ಅಕ್ಷರ, ಅಂಕಿಗಳ ನನ್ನದೇ ಕರೆಗುರುತು ಬಂದ ದಿನ ಬೀದಿಗೆಲ್ಲ ಆಪಾ ಖರ್ಜೂರ ಹಂಚಿದರು. ನನಗೆಂದೇ ಇನ್ನೊಂದು ರೇಡಿಯೊ, ಪೆಡಲ್ ಜೋಡಿಸಿ, ಆ ಕಂಪ್ರೆಷನ್ನನ್ನು ಅದಕ್ಕೆ ಕೂರಿಸಿಕೊಟ್ಟರು.

ಇನ್ನು ನಾನು ಮೊದಲ ಸಲ ಗಾಳಿಗೆ ಮಾತು ಬಿಟ್ಟ ಭಾನುವಾರಕ್ಕೆ ಬರುತ್ತೇನೆ. ಭಾನುವಾರ ಬೆಳಗ್ಗೆ ನಾಡಿನ ಮೂಲೆಮೂಲೆಯ ಹವ್ಯಾಸಿಗಳು ಒಂದು ಗೊತ್ತಾದ ಜಾಗದಲ್ಲಿ, ಅಂದರೆ ರೇಡಿಯೊದ ಒಂದೇ ತರಂಗದಲ್ಲಿ, ಕೂಡುತ್ತಾರೆ. ಕರಾವಳಿಯ ಹಿರಿಯರೊಬ್ಬರು ಹಾಜರಿ ಕರೆಯುತ್ತಾರೆ. ಕಂಪ್ರೆಷನ್ನಿನ ಗುಂಡಿಯನ್ನು ಆಪಾ ಅರ್ಧಕ್ಕೆ ಇಟ್ಟಿದ್ದರು. "ಪೂರ್ತಿ ತಿರುಗ್ಸಿ ಆಪಾ" ಎಂದೆ. "ಬ್ಯಾಡ" ಎಂದರು. "ಇಷ್ಟ್ ವರ್ಷ ಆದ್ಮೇಲೆ ಮಾತಾಡ್ತಿದೀನಿ, ಪೂರ್ತಿ ತಿರುಗ್ಸಿ" ಎಂದೆ. ಅವರು ಒಮ್ಮೆ ನನ್ನ ಮುಖ ನೋಡಿ, ಪೂರ್ತಿ ತಿರುಗಿಸಿ, ಹಿಂದೆ ಹೋಗಿ ಪಂಚನಹಳ್ಳಿಯ ಅರ್ಜೆಂಟ್ ಮೋಟಾರೊಂದರ ಸುರುಳಿ ಸುತ್ತಲು ಕೂತರು. ನನಗೆ ಭಯವಾಗಬಾರದೆಂದು ಕೆಲಸದ ನೆಪ ಮಾಡಿಕೊಂಡಿದ್ದರು ಎಂದು ಈಗ ಅನ್ನಿಸುತ್ತದೆ.

ಪೆಡಲ್ ಒತ್ತಿದೆ. ಕರೆಗುರುತು ಹೇಳಿದೆ. ಒಂದು ಉಸಿರು ಬಿಟ್ಟೆ. "ಕಡೂರಿನಿಂದ, ಎಲ್ಲರಿಗೂ ನಮಸ್ಕಾರ" ಎಂದೆ. ಇನ್ನೊಂದು ಉಸಿರು ಬಿಟ್ಟೆ. "ಕೇಳಿಸ್ತಿದೆಯಾ?" ಎಂದು ಪೆಡಲ್ ಬಿಟ್ಟೆ.

ಶ್ ಎಂಬ ಸದ್ದಿನೊಳಗಿಂದ ಕರಾವಳಿಯ ಹಿರಿಯರ ಧ್ವನಿ ಬಂತು: "ಕಡೂರು, ನೀವು ಬಹಳ ಚೆನ್ನಾಗಿ ಕೇಳಿಸ್ತಾ ಇದ್ದೀರಿ ಮಾರಾಯ್ರೆ. ಒಂದೊಂದು ಅಕ್ಷರವೂ ಸಿಕ್ಕಿತು."

ಕೇಳಿಸಿತಂತೆ! ಮೂರು ಸೀಟು ದಾಟದ ಧ್ವನಿ ಘಟ್ಟ ಇಳಿದು ಸಮುದ್ರದ ದಂಡೆಗೆ ಹೋಗಿತ್ತು! ನಾನು ಕುರ್ಚಿಯಿಂದ ಎದ್ದೇಬಿಟ್ಟಿದ್ದೆ. ಆದರೆ ಹಿರಿಯರು ಇನ್ನೂ ಮುಗಿಸಿರಲಿಲ್ಲ. "ಒಂದು ವಿಷಯ. ನೀವು ಉಸಿರು ಬಿಡುವಾಗೆಲ್ಲ ನಡುವೆ ಇನ್ನೊಬ್ಬರು ನಿಮ್ಮಷ್ಟೇ ಜೋರಾಗಿ ಏನೋ ಎಣಿಸ್ತಾ ಇದ್ದಾರೆ. ಯಾರದು?"

ತಿರುಗಿ ನೋಡಿದೆ. ಆಪಾ ತುಟಿಯಲ್ಲೇ ಎಣಿಸುತ್ತಿದ್ದರು. ನಾನು ಮಾತಾಡುವಾಗ ಸರಿ, ನಾನು ನಿಲ್ಲಿಸಿದೊಡನೆ ಪೂರ್ತಿ ತಿರುಗಿಸಿದ್ದ ಆ ಗುಂಡಿ ಕೋಣೆಯಲ್ಲಿದ್ದ ಅತಿ ಸಣ್ಣ ಸದ್ದನ್ನು ಹುಡುಕಿ ಬೆಂಚು ಹತ್ತಿಸಿಬಿಟ್ಟಿತ್ತು! ಆಪಾಗೂ ಪ್ರಶ್ನೆ ಕೇಳಿಸಿತ್ತು. ಕಿವಿಯವರೆಗೂ ಕೆಂಪಾಗಿದ್ದರು. ಆದರೆ ಎಣಿಕೆ ನಿಲ್ಲಿಸುವುದುಂಟೆ? ತೋರುಬೆರಳು ಮೇಲೆದ್ದಿತು.

ನಾನು ಪೆಡಲ್ ಒತ್ತಿದೆ. "ದಯವಿಟ್ಟು ಎಲ್ಲರೂ ಕಾಯಬೇಕು. ನೂರಿಪ್ಪತ್ತಕ್ಕೆ ಉತ್ತರ ಸಿಗುತ್ತದೆ" ಎಂದು ಹೇಳಿ ಪೆಡಲ್ಲನ್ನು ಒತ್ತಿಯೇ ಹಿಡಿದೆ. ಹಿಂದೆ ಆಪಾ ದಖನಿಯಲ್ಲಿ ಎಣಿಸುತ್ತಿದ್ದರು: "ಏಕ್ ಸೌ ಅಟ್ಠಾರಾ. ಏಕ್ ಸೌ ಉನ್ನೀಸ್. ಏಕ್ ಸೌ ಬೀಸ್." ನಾಡಿಗೆ ನಾಡೇ ಕಾದಿತು. ಆಪಾ ಬೆರಳು ಇಳಿಸಿ, ಎದ್ದು ಬಂದು, ಮೈಕಿಗೆ ಬಾಗಿ, "ಈಗ ಹೇಳಿ" ಎಂದರು. ಪೆಡಲ್ ಬಿಟ್ಟಾಗ ಆ ಕಡೆಯಿಂದ ಬಂದದ್ದು ಹತ್ತಾರು ಜನರ ನಗು, ಒಂದರ ಮೇಲೊಂದು ಬಿದ್ದು ಏನೂ ಅರ್ಥವಾಗದ ನಗು.

ಅಂದು ಮಧ್ಯಾಹ್ನವೇ ಆಪಾ ಉಗುರುಬಣ್ಣದ ಬಾಟಲಿ ತಂದು ಆ ಗುಂಡಿಯ ಪಕ್ಕ ಒಂದು ಕೆಂಪು ಗೆರೆ ಎಳೆದರು. ತಮ್ಮ ರೇಡಿಯೊಗೂ ಇಂಥದೇ ಒಂದನ್ನು ಮಾಡಿಕೊಂಡು ಅದಕ್ಕೂ ಗೆರೆ ಎಳೆದರು. "ಇದ್ರಾಚೆ ಹೋದ್ರೆ ನಿಮ್ ಮಾತಲ್ಲ, ಮನೇ ಸದ್ದು ಹೋಗೋದು. ಅಕ್ಕಪಕ್ಕದವ್ರ ಜಾಗಕ್ಕೂ ಚೆಲ್ತದೆ. ಜೋರು ಬೇರೆ, ತುಂಬು ಬೇರೆ ಕಣ್ರೀ." ಕಬಡ್ಡಿಯಲ್ಲಿ ಗೆರೆಯ ಬೆಲೆ ನನಗೆ ಹೇಳಿಕೊಡಬೇಕೆ? ಆವತ್ತಿನಿಂದ ದಾಟಿಲ್ಲ.

ಆಮೇಲಿನ ಭಾನುವಾರಗಳೆಲ್ಲ ಹಬ್ಬ. ಹಾಜರಿ ಕರೆಯುವ ಹಿರಿಯರು ನಮ್ಮ ಸರದಿ ಬಂದಾಗ "ಕಡೂರು, ಎಷ್ಟಕ್ಕೆ ಬಂತು?" ಎಂದೇ ಕೇಳುತ್ತಿದ್ದರು. ಆಪಾ ಮೇಲೆ ಮೇಲೆ ಗೊಣಗುತ್ತಿದ್ದರು, ಒಳಗೊಳಗೇ ಹಿಗ್ಗುತ್ತಿದ್ದರು. ನಾನು ಟೀ ಅಂಗಡಿಗೂ ಹೋಗತೊಡಗಿದೆ. ಅಲ್ಲಿ ಅದೇ ಪಿಸುಮಾತು, ಆದರೆ ನಾಚಿಕೆ ಹೋಗಿತ್ತು.

ಹೋದ ವರ್ಷದಿಂದ ಆಪಾ ತಂತಿಯನ್ನು ಕಣ್ಣಿನ ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ತರತೊಡಗಿದರು. ತಂತಿಯ ದಪ್ಪವನ್ನು ಉಗುರಿನಲ್ಲೇ ಹೇಳಬಲ್ಲವರು, ಹಾಗಾಗಿ ಕೆಲವು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಒಂದು ದಿನ ತಂತಿಯೊಂದು ಇನ್ನೊಂದರ ಮೇಲೆ ಹತ್ತಿದ್ದು ಕಾಣದೆ ಸುತ್ತಿಬಿಟ್ಟರು. ಟೆಸ್ಟಿನಲ್ಲೇ ಮೋಟಾರು ಹೊಗೆಯಾಡಿತು. ಆಸ್ಪತ್ರೆಯಲ್ಲಿ ಕಣ್ಣಿನ ಪರದೆ ಸವೆದಿದೆ, ಸರಿಹೋಗುವುದಿಲ್ಲ ಎಂದರು. ಆಪಾ ವಾರದೊಳಗೆ ಅಂಗಡಿ ಮುಚ್ಚಿದರು. ಹೊರಡುವ ದಿನ, "ಭಾನುವಾರ ಸಿಕ್ತೀರಲ್ಲ?" ಎಂದು ಕೇಳಿದೆ. "ಎಣ್ಸೋಕೆ ಆಗ್ದೋಳಿಗೆ ಮಾತ್ಯಾಕ್ರೀ" ಎಂದು ಆಟೊ ಹತ್ತಿದರು.

ಫೋನ್ ಮಾಡಿದರೆ ತಂಗಿ ಎತ್ತಿ "ಮಲಗಿದಾರೆ" ಅನ್ನುವರು. ಮೊದಲ ವಾರವೇ ಒಮ್ಮೆ ತರೀಕೆರೆಗೇ ಹೋದೆ. ಆಪಾ ಚಹಾ ಕೊಟ್ಟರು, ಗೋಡೆ ನೋಡುತ್ತ ಕೂತರು. ರೇಡಿಯೊ ಮೂಲೆಯಲ್ಲಿತ್ತು, ಏರಿಯಲ್ಲೂ ಕಟ್ಟಿತ್ತು. "ಕೇಳ್ತಾರೆ, ಮಾತಾಡಲ್ಲ" ಎಂದು ತಂಗಿ ಬಾಗಿಲವರೆಗೆ ಬಂದು ಹೇಳಿದರು. ಕೇಳುತ್ತಾರೆ! ನನಗೆ ಅಷ್ಟು ಸಾಕಾಗಿತ್ತು. ಬಂದು ಆರು ಭಾನುವಾರ ಕರೆದೆ. ಬೇಡಿದೆ, ರೇಗಿಸಿದೆ, ಹಿರಿಯರಿಂದಲೂ ಕರೆಸಿದೆ. ಬರೀ ಶ್ ಎಂಬ ಸದ್ದು. ನನ್ನ ಧ್ವನಿಯನ್ನು ನನಗೆ ವಾಪಸು ಕೊಟ್ಟವರೇ ಮೂಕರಾದರೆ ಈ ಧ್ವನಿ ಇಟ್ಟುಕೊಂಡು ನಾನೇನು ಮಾಡಲಿ ಎಂದು ಸಂಕಟವಾಗುತ್ತಿತ್ತು.

ನಿನ್ನೆ ಹಾಜರಿ ಮುಗಿದು ಎಲ್ಲರೂ ಸುಮ್ಮನಾದ ಮೇಲೆ ನನ್ನ ಮನೆಯಲ್ಲಿ ಕೂತು ಪೆಡಲ್ ಒತ್ತಿದೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಹಳೆಯ ಚಾಳಿ ತಾನೇ ಎದ್ದು ಬಂತು. "ವೀಕ್ಷಕರೇ, ಕಡೂರಿನ ಅಂಗಡಿಗೆ ಸ್ವಾಗತ! ಆಪಾ ಕೂತಿದ್ದಾರೆ, ಬಲಗೈಯಲ್ಲಿ ಸುತ್ತುವ ಯಂತ್ರದ ಹಿಡಿ, ಎಡಗೈಯಲ್ಲಿ ತಂತಿ. ಬಾಗಿಲಲ್ಲಿ ಗಿರಾಕಿ, ಅಗೋ ಬೆರಳು ಮೇಲೆದ್ದಿತು! ಗಿರಾಕಿ ನಿಂತ, ಬೀದಿ ನಿಂತಿತು. ತಂತಿ ಬಿಗಿಯಾಗಿದೆ, ಸುತ್ತಿನ ಪಕ್ಕ ಸುತ್ತು ಕೂರುತ್ತಿದೆ. ನೂರಾ ಹದಿನೇಳು! ನೂರಾ ಹದಿನೆಂಟು! ನೂರಾ ಹತ್ತೊಂಬತ್ತು!"

ಪೆಡಲ್ ಬಿಟ್ಟೆ.

ಶ್ ಎಂಬ ಸದ್ದು. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು ಪೂರ್ತಿ ಹೊಡೆಯಿತು.

ಇದ್ದಕ್ಕಿದ್ದಂತೆ ರೇಡಿಯೊ ತುಂಬ ಫ್ಯಾನಿನ ಸದ್ದು! ಗರಗರ ತಿರುಗುವ ಸೀಲಿಂಗ್ ಫ್ಯಾನು, ಅದರ ಹಿಂದೆ ಬೀದಿಯಲ್ಲಿ ಸೊಪ್ಪು ಮಾರುವವಳ ಕೂಗು, ಎಲ್ಲೋ ಪಾತ್ರೆ ಇಡುವ ಸದ್ದು. ಯಾರೋ ಪೆಡಲ್ ಒತ್ತಿದ್ದರು. ಕಂಪ್ರೆಷನ್ನಿನ ಗುಂಡಿ ಗೆರೆ ದಾಟಿ ಪೂರ್ತಿ ತಿರುಗಿತ್ತು. ಆ ಕೆಂಪು ಗೆರೆ ಈಗ ಅವರಿಗೆ ಕಾಣುವುದಿಲ್ಲವಲ್ಲ ಎಂಬುದು ನನಗೆ ಆಗ ಹೊಳೆಯಿತು.

"ಏಕ್ ಸೌ ಬೀಸ್."

ಮೈಕಿನಿಂದ ಆಚೆ ತಿರುಗಿ ಯಾರಿಗೋ ಹೇಳಿದ್ದೂ ಕೇಳಿಸಿತು: "ಪಂಖಾ ಬಂದ್ ಕರ್." ಟಕ್ ಎಂದು ಸ್ವಿಚ್ಚಿನ ಸದ್ದು. ಫ್ಯಾನು ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು.

"ಈಗ ಹೇಳಿ" ಎಂದರು ಆಪಾ.